ಹಕ್ಕಿ ಹಿಡಿದಾಗ ಎದೆ ಒತ್ತಬೇಡಿ, ಯಾಕೆ?

ಮೊನ್ನೆ ನಮ್ಮ ಟೆರೇಸ್ ಮೇಲೆ ಒಂದು ಪಾರಿವಾಳ ಗಾಳಿಪಟದ ಮಾಂಜಾಗೆ ಸಿಕ್ಕಿ ಒದ್ದಾಡ್ತಿತ್ತು. ತಪ್ಪಿಸಿಕೊಳ್ಳದಿರಲಿ ಅಂತ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದೆ. ಅದು ಬಾಯಿ ತೆರೆದು ಏದುಸಿರು ಬಿಡೋಕೆ ಶುರು ಮಾಡ್ತು. ಪಕ್ಕದ ಮನೆ ಅಂಕಲ್ ಕೂಗಿದ್ರು: "ಎದೆ ಒತ್ಬೇಡಪ್ಪಾ, ಸತ್ತೋಗತ್ತೆ!" ಕೈ ಸಡಿಲ ಮಾಡಿದೆ, ಬದುಕಿಕೊಂಡಿತು. ಅಂಕಲ್ ಹಾಗಂದಿದ್ದು ಯಾಕೆ? ಅದೇ ಇವತ್ತಿನ ಎಪಿಸೋಡ್.

ನಮಗೆ ಎದೆ ಮತ್ತು ಹೊಟ್ಟೆಯ ನಡುವೆ ವಪೆ ಅನ್ನೋ ಸ್ನಾಯುವಿನ ಪರದೆ ಇದೆ. ಅದು ಕೆಳಗಿಳಿದ್ರೆ ಶ್ವಾಸಕೋಶ ಉಬ್ಬುತ್ತೆ. ಗಾಳಿ ಬಂದ ದಾರಿಯಲ್ಲೇ ವಾಪಸ್ ಹೋಗುತ್ತೆ, ಒಂದಿಷ್ಟು ಹಳೇ ಗಾಳಿ ಒಳಗೇ ಉಳಿಯುತ್ತೆ.

ಹಕ್ಕಿಗೆ ಅಂಥ ವಪೆ ಇಲ್ಲ. ಅದರ ಶ್ವಾಸಕೋಶ ಚಿಕ್ಕದು, ಬಿಗಿಯಾದದ್ದು, ಹೆಚ್ಚು ಉಬ್ಬಲ್ಲ. ಉಬ್ಬಿ ಕುಗ್ಗೋ ಕೆಲಸ ಗಾಳಿಚೀಲಗಳದ್ದು. ಹೆಚ್ಚಿನ ಹಕ್ಕಿಗಳಲ್ಲಿ ಇವು 9 ಇರುತ್ತವೆ, ಕೆಲವು ಟೊಳ್ಳು ಮೂಳೆಗಳ ಒಳಗೂ ಚಾಚಿರುತ್ತವೆ. ಎದೆಮೂಳೆ ಕೆಳಗೆ ಮೇಲೆ ಆಡಿದಾಗ ಇವು ಕಮ್ಮಾರನ ತಿದಿಯ ಥರ ಗಾಳಿ ಎಳೆದು ದೂಡುತ್ತವೆ. ಎದೆ ಒತ್ತಿ ಹಿಡಿದ್ರೆ ತಿದಿಯೇ ನಿಂತಂತೆ. ಮೂಗು ಬಾಯಿ ತೆರೆದಿದ್ರೂ ಹಕ್ಕಿ ಉಸಿರುಗಟ್ಟುತ್ತೆ.

ಇನ್ನೊಂದು ಮಜಾ ಇದೆ. ಒಮ್ಮೆ ಎಳೆದ ಗಾಳಿ ಹೊರಗೆ ಬರೋಕೆ ಎರಡು ಉಸಿರು ಬೇಕು. ಮೊದಲ ಸಲ ಎಳೆದಾಗ ಗಾಳಿ ಹೆಚ್ಚಾಗಿ ಹಿಂದಿನ ಚೀಲಗಳಿಗೆ, ಬಿಟ್ಟಾಗ ಅಲ್ಲಿಂದ ಶ್ವಾಸಕೋಶಕ್ಕೆ. ಎರಡನೇ ಸಲ ಎಳೆದಾಗ ಮುಂದಿನ ಚೀಲಗಳಿಗೆ, ಬಿಟ್ಟಾಗ ಹೊರಕ್ಕೆ. ಅಂದ್ರೆ ಶ್ವಾಸಕೋಶದಲ್ಲಿ ಗಾಳಿಗೆ ಒನ್ ವೇ! ಎಳೆದಾಗಲೂ ಬಿಟ್ಟಾಗಲೂ ಆಕ್ಸಿಜನ್ ಸಿಗ್ತಾನೇ ಇರುತ್ತೆ.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರೋ ಪಟ್ಟೆತಲೆ ಹೆಬ್ಬಾತುಗಳನ್ನೇ ನೋಡಿ. ಇವು ಹಿಮಾಲಯ ದಾಟುವ ಹಕ್ಕಿಗಳು. 7,000 ಮೀಟರ್‌ಗೂ ಮೇಲೆ ಹಾರಿದ ದಾಖಲೆ ಇದೆ. ಆ ಎತ್ತರದಲ್ಲಿ ಸಿಗೋ ಆಕ್ಸಿಜನ್ ಸಮುದ್ರಮಟ್ಟದ ಅರ್ಧಕ್ಕಿಂತ ಕಮ್ಮಿ. ಈ ಒನ್ ವೇ ಉಸಿರಾಟದ ಜೊತೆ, ಆಕ್ಸಿಜನ್‌ನ ಬಿಗಿಯಾಗಿ ಹಿಡಿಯೋ ಹಿಮೋಗ್ಲೋಬಿನ್ ಕೂಡ ಅವುಗಳ ಕೈ ಹಿಡಿಯುತ್ತೆ.

ಹಿಮಾಲಯ ದಾಟಿಸೋ ಅದೇ ವ್ಯವಸ್ಥೆ ನಮ್ಮ ಒಂದು ಮುಷ್ಟಿಗೆ ಸೋಲುತ್ತೆ. ಹಾಗಾಗಿ ಗಾಯಗೊಂಡ ಹಕ್ಕಿ ಸಿಕ್ರೆ ತೆಳು ಬಟ್ಟೆ ಹೊದಿಸಿ, ರೆಕ್ಕೆ ಮಡಚಿ ಹಗುರವಾಗಿ ಎತ್ತಿ. ಎದೆ ಆಡೋಕೆ ಜಾಗ ಬಿಡಿ. ತೂತು ಮಾಡಿದ ರಟ್ಟಿನ ಡಬ್ಬದಲ್ಲಿಟ್ಟು ಪಶುವೈದ್ಯರ ಹತ್ರ ಕರ್ಕೊಂಡು ಹೋಗಿ. ಮುಂದಿನ ವಾರ ಸಿಗೋಣ!