ಎರಕದ ಬಿರುಕೂ ಅಂಡಾಶಯದ ಗಡ್ಡೆಯೂ

"ಸರ್, ಸೋನೋಗ್ರಫಿ ಅಂದ್ರ ಬಸುರಿ ಹೆಣ್ಮಕ್ಕಳಿಗೆ ಮಾಡೂದಲ್ಲೇನ್ರಿ? ಲಗ್ನ ಆಗದ ಹುಡುಗಿಗೆ ಅದು ಯಾಕ್ರಿ?"

ಖಾನಾಪುರದ ಕಡೆಯಿಂದ ದಿನವೂ ಬಸ್ಸಿನಲ್ಲಿ ಬೆಳಗಾವಿಗೆ ಬಂದುಹೋಗುವ ನಮ್ಮ ವಿದ್ಯಾರ್ಥಿಯೊಬ್ಬನು ಧ್ವನಿಶಾಸ್ತ್ರದ ಪಾಠ ಮುಗಿದ ಮೇಲೆ ಕೇಳಿದ ಪ್ರಶ್ನೆಯಿದು. ಅವನ ತಂಗಿಗೆ ಹದಿನಾರು ವರ್ಷ. ಎರಡು ತಿಂಗಳಿಂದ ಆಕೆಯ ಕಿಬ್ಬೊಟ್ಟೆ ದಪ್ಪಗಾಗುತ್ತ ಬಂದಿತ್ತು. ಬೆಳಗಾವಿಯಲ್ಲಿ ಪರೀಕ್ಷೆ ಮಾಡಿಸಬೇಕೆಂದು ವೈದ್ಯರು ಬರೆದುಕೊಟ್ಟ ಚೀಟಿಯನ್ನು ಮನೆಯವರು ಮೂರು ವಾರ ಪೆಟ್ಟಿಗೆಯಲ್ಲಿಟ್ಟು ಸುಮ್ಮನಿದ್ದರು. ಊರವರು ಏನೆಂದುಕೊಂಡಾರೋ ಎಂಬುದೇ ಅವರ ಅಂಜಿಕೆ.

ಈ ಅಂಜಿಕೆ ಎಲ್ಲಿಂದ ಬಂದಿತೆಂದು ಊಹಿಸುವುದು ಕಷ್ಟವಲ್ಲ. ಸ್ಕ್ಯಾನಿಂಗ್ ಕೇಂದ್ರದ ಬಾಗಿಲಲ್ಲಿ ಮೊದಲು ಕಣ್ಣಿಗೆ ಬೀಳುವುದು, ಭ್ರೂಣದ ಲಿಂಗವನ್ನು ತಿಳಿಸುವುದು ಅಪರಾಧವೆಂಬ ಫಲಕ. ೧೯೯೪ರ ಕಾನೂನು ಅದನ್ನು ಕಡ್ಡಾಯ ಮಾಡಿದೆ. ಹಾಗೆ ಮಾಡಿದ್ದು ಸರಿಯೂ ಹೌದು. ಆದರೆ ಆ ಫಲಕವನ್ನೇ ನೋಡಿ ನೋಡಿ ಜನರು ಈ ಯಂತ್ರಕ್ಕೆ ಬಸಿರೊಂದೇ ವಿಷಯವೆಂದು ನಂಬಿಬಿಟ್ಟಿದ್ದಾರೆ. ವೈದ್ಯಕೀಯದಲ್ಲಿ ಅದರ ಮೊದಲ ದೊಡ್ಡ ಗೆಲುವು ಅಂಡಾಶಯದ ಗಡ್ಡೆಯೊಂದರ ಮೇಲೆ ಎಂಬುದನ್ನು ಅರಿತವರು ಕಡಿಮೆ.

ವಿದ್ಯಾರ್ಥಿಗೆ ನಾವು ಉದ್ಯಮಬಾಗದ ಉದಾಹರಣೆಯಿಂದಲೇ ಉತ್ತರ ಹೇಳತೊಡಗಿದೆವು. ಬೆಳಗಾವಿಯು ಎರಕದ ಕಾರ್ಖಾನೆಗಳಿಗೆ ಹೆಸರಾದ ಊರು. ಎರಕ ಹೊಯ್ದ ಲೋಹದ ಒಳಗೆ ಗಾಳಿಯ ಗುಳ್ಳೆಯೋ ಬಿರುಕೋ ಉಳಿದಿದ್ದರೆ ಹೊರಗಿನಿಂದ ಕಾಣುವುದಿಲ್ಲ; ಒಡೆದು ನೋಡಿದರೆ ವಸ್ತುವೇ ಹಾಳು. ಇಂಥ ದೋಷವನ್ನು ಹುಡುಕಲು ಇರುವ ಉಪಾಯಗಳಲ್ಲಿ ಒಂದು, ಲೋಹದೊಳಕ್ಕೆ ಶ್ರವಣಾತೀತ ಧ್ವನಿಯ ಚಿಕ್ಕ ಮಿಡಿತವನ್ನು ಕಳುಹಿಸಿ ಮರಳಿ ಬರುವ ಪ್ರತಿಧ್ವನಿಯನ್ನು ಅಳೆಯುವುದು. ಬಿರುಕಿದ್ದರೆ ಪ್ರತಿಧ್ವನಿ ಬೇಗ ಬರುತ್ತದೆ, ಇಲ್ಲದಿದ್ದರೆ ಆಚೆಯ ಅಂಚನ್ನು ಮುಟ್ಟಿ ತಡವಾಗಿ ಬರುತ್ತದೆ.

ಗ್ಲಾಸ್ಗೋ ನಗರದ ಪ್ರಸೂತಿಶಾಸ್ತ್ರಜ್ಞ ಇಯಾನ್ ಡೊನಾಲ್ಡ್ ೧೯೫೫ರ ಜುಲೈ ತಿಂಗಳಲ್ಲಿ ಇಂಥದೇ ಲೋಹಪರೀಕ್ಷಕ ಯಂತ್ರವನ್ನು ಹುಡುಕಿಕೊಂಡು ಬಾಯ್ಲರ್ ತಯಾರಿಸುವ ಬ್ಯಾಬ್‌ಕಾಕ್ ಮತ್ತು ವಿಲ್‌ಕಾಕ್ಸ್ ಕಾರ್ಖಾನೆಗೆ ಹೋದರು. ಶಸ್ತ್ರಕ್ರಿಯೆಯಲ್ಲಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ಹಾಕಿಕೊಂಡೇ ಹೋಗಿದ್ದರು. ಅವುಗಳಲ್ಲಿ ಫೈಬ್ರಾಯ್ಡ್ ಎಂಬ ಗಟ್ಟಿಯಾದ ನಾರುಗಡ್ಡೆಯೂ ಇತ್ತು, ಅಂಡಾಶಯದ ನೀರುಗಡ್ಡೆಯೂ ಇತ್ತು. ನೀರುಗಡ್ಡೆಯಲ್ಲಿ ಧ್ವನಿಯು ನಿರಾತಂಕವಾಗಿ ಹಾದು ಹಿಂದಿನ ಗೋಡೆಯಿಂದ ಮಾತ್ರ ಮರಳಿತು. ಗಟ್ಟಿಗಡ್ಡೆಯಲ್ಲಿ ಹೆಜ್ಜೆಹೆಜ್ಜೆಗೂ ಚದರಿತು. ೧೯೫೮ರಲ್ಲಿ ಅವರು ಸಂಗಡಿಗರೊಡನೆ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಬ್ಬ ಹೆಂಗಸಿನ ವೃತ್ತಾಂತ ಬರುತ್ತದೆ. ಆಕೆಯ ಹೊಟ್ಟೆ ವಿಪರೀತ ಉಬ್ಬಿತ್ತು. ಜಠರದ ಕ್ಯಾನ್ಸರ್, ಶಸ್ತ್ರಕ್ರಿಯೆಯ ಹಂತ ಮೀರಿದೆ ಎಂದು ವೈದ್ಯರು ಕೈಬಿಟ್ಟಿದ್ದರು. ಪ್ರತಿಧ್ವನಿಯು ಬೇರೆಯೇ ಕಥೆ ಹೇಳಿತು: ಒಳಗಿದ್ದುದು ಅಂಡಾಶಯದ ಭಾರಿ ನೀರುಗಡ್ಡೆ. ಅದನ್ನು ತೆಗೆದರು, ಆಕೆ ಬದುಕಿದಳು.

ಯಂತ್ರದ ತತ್ತ್ವ ಸರಳವಾದುದು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು ಕ್ಯೂರಿ ಸಹೋದರರು ೧೮೮೦ರಲ್ಲಿ ಕಂಡುಕೊಂಡರು; ಅಂಥವಕ್ಕೆ ವಿದ್ಯುತ್ತನ್ನು ಕೊಟ್ಟರೆ ಕಂಪಿಸುತ್ತವೆ. ಹೊಟ್ಟೆಯ ಮೇಲೆ ಆಡಿಸುವ ಕೈಯುಪಕರಣದಲ್ಲಿರುವ ಇಂಥ ಪದಾರ್ಥವು ಸೆಕೆಂಡಿಗೆ ೩೫ ಲಕ್ಷ ಸಲ ಕಂಪಿಸಿತೆನ್ನೋಣ. ನಮ್ಮ ಕಿವಿಯ ಮಿತಿ ಸುಮಾರು ೨೦,೦೦೦. ಬಾವಲಿಗಳ ಕೂಗು ಬಹುಮಟ್ಟಿಗೆ ಈ ಮಿತಿಯ ಆಚೆಗಿನದು; ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನ ಬಾರಾಪೇಡೆ ಗುಹೆಗಳು ೧೯೧೩ರಲ್ಲಿ ಹೆಸರು ಪಡೆದ ಅಪರೂಪದ ಬಾವಲಿಯೊಂದರ ನೆಲೆ ಎಂಬುದನ್ನು ನಮ್ಮ ವಿದ್ಯಾರ್ಥಿಯೇ ನೆನಪಿಸಿದನು. ದೇಹದ ಮೃದುಭಾಗಗಳಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು ೧೫೪೦ ಮೀಟರು. ಆದ್ದರಿಂದ ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ಮರಳಲು ಬೇಕಾದ ಕಾಲ ಸೆಕೆಂಡಿನ ಹತ್ತು ಲಕ್ಷದಲ್ಲಿ ೧೩ ಭಾಗ. ತರಂಗದ ಉದ್ದ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಅದಕ್ಕಿಂತ ಬಹಳ ಸೂಕ್ಷ್ಮವಾದ ವಿವರವನ್ನು ಈ ಧ್ವನಿಯಿಂದ ಬಿಡಿಸಿ ಕಾಣಲಾಗದು.

ಗಾಳಿ ಮಾತ್ರ ಇದಕ್ಕೆ ದೊಡ್ಡ ಶತ್ರು. ಮಾಂಸದಿಂದ ಗಾಳಿಗೆ ದಾಟುವಲ್ಲಿ ಧ್ವನಿಯ ಶಕ್ತಿಯಲ್ಲಿ ಸಾವಿರಕ್ಕೆ ೯೯೯ ಪಾಲು ಹಿಂದಕ್ಕೆ ಬಡಿಯುತ್ತದೆ. ಚರ್ಮಕ್ಕೆ ತಣ್ಣನೆಯ ಲೋಳೆ ಹಚ್ಚುವುದು ಇದಕ್ಕಾಗಿ. ಅಂಡಾಶಯದ ಮುಂದೆ ಗಾಳಿ ತುಂಬಿದ ಕರುಳು ಇರುತ್ತದಷ್ಟೆ. ಮೂತ್ರಕೋಶ ತುಂಬಿದರೆ ಅದು ಕರುಳನ್ನು ಸರಿಸಿ ಧ್ವನಿಗೆ ಕಿಟಕಿಯಾಗುತ್ತದೆ. ಆದುದರಿಂದಲೇ ಮದುವೆಯಾಗದ ಹುಡುಗಿಯರಿಗೆ ನೀರು ಕುಡಿಸಿ ಹೊಟ್ಟೆಯ ಮೇಲಿನಿಂದಲೇ ಪರೀಕ್ಷೆ ನಡೆಸುವುದು ರೂಢಿ. ಇದರಲ್ಲಿ ನೋವಿಲ್ಲ, ಕ್ಷಕಿರಣವೂ ಇಲ್ಲ.

ನೀರೋ ಗಟ್ಟಿಯೋ ಎಂದು ತಿಳಿದರೆ ಸಾಲದು. ಗಡ್ಡೆಯೊಳಗೆ ರಕ್ತ ಎಷ್ಟು ಹರಿಯುತ್ತಿದೆ ಎಂಬುದೂ ಬೇಕು. ಹತ್ತಿರ ಬರುವ ರೈಲಿನ ಸಿಳ್ಳು ಏರಿದಂತೆ ಕೇಳುವುದಕ್ಕೆ ಕಾರಣವನ್ನು ಡಾಪ್ಲರ್ ೧೮೪೨ರಲ್ಲಿ ಕೊಟ್ಟರಷ್ಟೆ. ಹರಿಯುವ ರಕ್ತಕಣಗಳ ಪ್ರತಿಧ್ವನಿಯಲ್ಲಿಯೂ ಅದೇ ಪರಿಣಾಮ. ಸೆಕೆಂಡಿಗೆ ೧೦ ಸೆಂಟಿಮೀಟರ್ ವೇಗದಿಂದ ಎದುರು ಬರುವ ರಕ್ತವು ೩೫ ಲಕ್ಷದ ಕಂಪನವನ್ನು ಸುಮಾರು ೪೫೦ರಷ್ಟು ಏರಿಸುತ್ತದೆ. ಯಂತ್ರವು ಈ ಅಲ್ಪ ವ್ಯತ್ಯಾಸವನ್ನು ಬಣ್ಣವಾಗಿ ಮಾರ್ಪಡಿಸಿ ಪರದೆಯ ಮೇಲೆ ತೋರಿಸುತ್ತದೆ.

ಈ ಲಕ್ಷಣಗಳನ್ನು ಹೇಗೆ ಓದಬೇಕೆಂಬುದಕ್ಕೆ ೧೯೯೯ರಲ್ಲಿ ಆರಂಭವಾದ 'ಐಓಟಿಎ' ಎಂಬ ಅಂತರರಾಷ್ಟ್ರೀಯ ಸಂಶೋಧಕರ ತಂಡವು ೨೦೦೮ರಲ್ಲಿ ಹತ್ತು ಸರಳ ನಿಯಮಗಳನ್ನು ಪ್ರಕಟಿಸಿತು. ಐದು ಸೌಮ್ಯದ ಕುರುಹು, ಐದು ಮಾರಕದ ಕುರುಹು. ಒಂದೇ ಕೋಣೆಯ ನೀರುಗಡ್ಡೆ, ಗಡ್ಡೆಯ ಹಿಂದೆ ಬೀಳುವ ಧ್ವನಿಯ ನೆರಳು ಇವು ಸೌಮ್ಯದ ಪಕ್ಷ. ಅಂಕುಡೊಂಕಾದ ಗಟ್ಟಿಗಡ್ಡೆ, ಹೊಟ್ಟೆಯಲ್ಲಿ ನೀರು ತುಂಬಿರುವುದು, ಅತಿಯಾದ ರಕ್ತಸಂಚಾರ ಇವು ಮಾರಕದ ಪಕ್ಷ. ಎರಡೂ ಪಕ್ಷದ ಕುರುಹುಗಳು ಒಟ್ಟಿಗೆ ಕಂಡರೆ, ಅಥವಾ ಯಾವುದೂ ಕಾಣದಿದ್ದರೆ, ನಿಯಮಗಳು ಮೌನ ವಹಿಸುತ್ತವೆ.

ಅಪರೂಪದ ಗಡ್ಡೆಗಳ ತೊಡಕು ಇಲ್ಲಿಯೇ ತಲೆದೋರುತ್ತದೆ. ಫೈಬ್ರೋಮ ಎಂಬ ಗಟ್ಟಿಗಡ್ಡೆಯನ್ನು ನೋಡಿರಿ. ಅದು ಸೌಮ್ಯವಾದುದು, ಅದರ ನಾರು ಧ್ವನಿಯನ್ನು ಹೀರಿಕೊಂಡು ಹಿಂದೆ ದಟ್ಟ ನೆರಳು ಬೀಳಿಸುತ್ತದೆ. ಆದರೆ ಕೆಲವರಲ್ಲಿ ಅದರೊಡನೆ ಹೊಟ್ಟೆಯಲ್ಲಿಯೂ ಎದೆಗೂಡಿನಲ್ಲಿಯೂ ನೀರು ತುಂಬುತ್ತದೆ. ೧೯೩೭ರಲ್ಲಿ ಇದನ್ನು ವಿವರಿಸಿದ ಅಮೆರಿಕದ ಮೀಗ್ಸ್ ಅವರ ಹೆಸರೇ ಈ ಸ್ಥಿತಿಗೆ ಬಂದಿದೆ. ನೆರಳು ಸೌಮ್ಯವೆನ್ನುತ್ತದೆ, ನೀರು ಮಾರಕವೆನ್ನುತ್ತದೆ, ನಿಯಮ ಕೈಚೆಲ್ಲುತ್ತದೆ. ಕೊನೆಯ ಹಂತದ ಕ್ಯಾನ್ಸರೆಂದು ಮನೆಯವರು ಎದೆಗುಂದಿರುವಾಗ, ಗಡ್ಡೆ ತೆಗೆದೊಡನೆ ನೀರೂ ಇಂಗಿಹೋಗುವುದುಂಟು. ಗ್ರಾನ್ಯುಲೋಸಾ ಕೋಶದ ಗಡ್ಡೆಯ ಬಗೆ ಬೇರೆ. ಗಟ್ಟಿಭಾಗದ ನಡುವೆ ಚಿಕ್ಕ ಚಿಕ್ಕ ನೀರಿನ ಕೋಣೆಗಳು ಜಾಳಿಗೆಯಂತೆ ತೋರುತ್ತವೆ. ಅದು ಸುರಿಸುವ ಈಸ್ಟ್ರೋಜನ್ನಿನಿಂದ ಗರ್ಭಕೋಶದ ಒಳಪದರವೂ ದಪ್ಪಗಾಗುತ್ತದೆ. ಅಂಡಾಶಯವನ್ನು ನೋಡುವವರು ಗರ್ಭಕೋಶದ ಕಡೆಗೂ ಕಣ್ಣು ಹಾಯಿಸಿದರೆ ಸುಳಿವು ಸಿಕ್ಕುತ್ತದೆ.

ನಮ್ಮ ವಾಚಕರ ವಯಸ್ಸಿನವರಿಗೆ ಹೆಚ್ಚು ಸಂಬಂಧಪಟ್ಟುದು ಡಿಸ್‌ಜರ್ಮಿನೋಮ. ಅಂಡಾಶಯದ ಮಾರಕ ಗಡ್ಡೆಗಳಲ್ಲಿ ಇದು ಬಹಳ ವಿರಳವಾದರೂ, ಬಂದಾಗ ಹೆಚ್ಚಾಗಿ ಹದಿಹರೆಯದ ಹುಡುಗಿಯರಿಗೂ ತರುಣಿಯರಿಗೂ ಬರುತ್ತದೆ. ಪರದೆಯ ಮೇಲೆ ಪೂರ್ತಿ ಗಟ್ಟಿಯಾಗಿ, ನಯವಾದ ಅಂಚಿನ ಹಲವು ಉಬ್ಬುಗಳಾಗಿ, ರಕ್ತದ ಬಣ್ಣದಿಂದ ತುಂಬಿ ತೋರುತ್ತದೆ. ಇಲ್ಲಿ ಮಾರಕವೆಂಬ ಒಂದು ಮಾತು ಹೇಳಿ ನಿಲ್ಲಿಸಿದರೆ ಅರ್ಧ ಕೆಲಸವೂ ಆಗಲಿಲ್ಲವೆಂಬುದು ನಮ್ಮ ಅಭಿಪ್ರಾಯ. ವಯಸ್ಸಾದವರ ಸಾಮಾನ್ಯ ಕ್ಯಾನ್ಸರಿನಲ್ಲಿ ಎರಡೂ ಅಂಡಾಶಯಗಳನ್ನೂ ಗರ್ಭಕೋಶವನ್ನೂ ತೆಗೆಯುವುದು ವಾಡಿಕೆ. ಡಿಸ್‌ಜರ್ಮಿನೋಮವಾದರೋ ಔಷಧಕ್ಕೆ ಚೆನ್ನಾಗಿ ಮಣಿಯುತ್ತದೆ. ಬಹುಪಾಲು ಹುಡುಗಿಯರಲ್ಲಿ ಒಂದು ಬದಿಯನ್ನಷ್ಟೇ ತೆಗೆದು ಇನ್ನೊಂದನ್ನೂ ಗರ್ಭಕೋಶವನ್ನೂ ಉಳಿಸಬಹುದು. ಶಸ್ತ್ರಕ್ಕೆ ಮೊದಲೇ ಗುರುತು ಸಿಕ್ಕಿದರೆ ತಕ್ಕ ರಕ್ತಪರೀಕ್ಷೆಗಳನ್ನು ಮಾಡಿಸಿ, ಗಡ್ಡೆಯನ್ನು ಚುಚ್ಚದೆ ಒಡೆಯದೆ ಇಡಿಯಾಗಿ ತೆಗೆಯಲು ಸಿದ್ಧತೆ ನಡೆಸಬಹುದು. ಕೊನೆಯ ನಿರ್ಣಯ ಸೂಕ್ಷ್ಮದರ್ಶಕದ್ದೇ. ಆದರೆ ಅದು ಮಾತಾಡುವುದು ಗಡ್ಡೆ ಹೊರಬಂದ ಮೇಲೆ. ಇದನ್ನೆಲ್ಲ ಪರದೆಯಲ್ಲಿ ಗುರುತಿಸಲು ಇಂಥ ಗಡ್ಡೆಗಳನ್ನು ಹಿಂದೆ ಕಂಡ ಕಣ್ಣು ಬೇಕು. ಅಂಥ ಕಣ್ಣು ವೈದ್ಯಕೀಯ ಕಾಲೇಜುಗಳಿರುವ ಊರಿನಲ್ಲಿ ದೊರೆಯುವ ಸಂಭವ ಹೆಚ್ಚು. ಖಾನಾಪುರದವರಿಗೆ ಅಂಥ ಊರು ಸುಮಾರು ೨೫ ಕಿಲೋಮೀಟರಿನ ಹಾದಿ.

ವಿದ್ಯಾರ್ಥಿಯ ಮನೆಯವರು ಮರುದಿನವೇ ಹೊರಟರು. ತಂಗಿಯ ಎಡ ಅಂಡಾಶಯದಲ್ಲಿ ತೆಂಗಿನಕಾಯಿಯ ಗಾತ್ರದ ಗಟ್ಟಿಗಡ್ಡೆ ಕಂಡಿತು. ಬಲ ಅಂಡಾಶಯ ಸ್ವಚ್ಛವಾಗಿತ್ತು. ಎಡದ್ದನ್ನು ಮಾತ್ರ ತೆಗೆದರು. ಸೂಕ್ಷ್ಮದರ್ಶಕವೂ ಡಿಸ್‌ಜರ್ಮಿನೋಮವೆಂದೇ ಹೇಳಿತು. ಆಕೆ ಈಗ ನಿಯಮಿತ ತಪಾಸಣೆಗೆ ಅಣ್ಣನೊಡನೆ ಅದೇ ಬೆಳಗಿನ ಬಸ್ಸಿನಲ್ಲಿ ಬರುತ್ತಾಳೆ. ಬಸ್ಸು ಊರನ್ನು ಮುಟ್ಟುವ ಹೊತ್ತಿಗೆ ಕೈಯಲ್ಲಿದ್ದ ನೀರಿನ ಸೀಸೆ ಖಾಲಿಯಾಗಿರುತ್ತದಂತೆ.