ಮಿರಜಿಗೆ ಒಯ್ಯುವ ಮುನ್ನ ಹಾಕಬೇಕಾದ ಲೆಕ್ಕ

2023ರಲ್ಲಿ ಚಿಕಿತ್ಸೆಗೆಂದು ಭಾರತಕ್ಕೆ ಬಂದ ವಿದೇಶಿಯರು ಸುಮಾರು 6.35 ಲಕ್ಷ. ಕೋವಿಡ್‌ಗೆ ಮುಂಚೆ, 2019ರಲ್ಲಿ, 6.97 ಲಕ್ಷ ಜನ ಬಂದಿದ್ದರು. ಅಮೆರಿಕದ ಬಿಲ್ಲಿಗೆ ಹೆದರಿ ವಿಮಾನ ಹತ್ತಿ ಬಂದವರ ಸುದ್ದಿಯೇ ಪತ್ರಿಕೆಗಳಲ್ಲಿ ಹೆಚ್ಚು. ಆದರೆ ಆ ಎರಡೂ ವರ್ಷ ಹೀಗೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಕ್ಕದ ಬಾಂಗ್ಲಾದೇಶದವರು. ತಮ್ಮ ಊರಿಗೆ ಹತ್ತಿರ, ಮಾತು ಗೊತ್ತಿರುವ ಜಾಗ ಎಂದು ಗಡಿ ದಾಟಿ ಕೋಲ್ಕತ್ತಾ ಸೇರುವ ಸಾಧಾರಣ ಕುಟುಂಬಗಳು ಇವರಲ್ಲಿ ಬಹಳ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಈ ಭಾಗದಲ್ಲಿ ರೋಗ ಕೈಮೀರಿತು ಅನಿಸಿದ ಕೂಡಲೇ ಮನೆಯ ಹಿರಿಯರು ಹೇಳುವ ಮಾತು, "ಇನ್ನ ಇಲ್ಲಿ ಬ್ಯಾಡ, ಮಿರಜಿಗೆ ಒಯ್ಯೂಣ ನಡೀರಿ." ಜಮಖಂಡಿಯಿಂದ ಅಥಣಿ ಮೇಲೆ ಮಿರಜ ಸುಮಾರು 100 ಕಿ.ಮೀ. ವಿಜಯಪುರ ಸುಮಾರು 60, ಜಿಲ್ಲಾ ಕೇಂದ್ರ ಬಾಗಲಕೋಟೆ 80ರ ಆಸುಪಾಸು. ಎರಡೂ ಕಡೆ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆಗಳಿವೆ. ಬರೀ ದೂರ ನೋಡಿದರೆ ಮಿರಜ ಮೊದಲ ಹೆಸರಾಗಿ ಬರಬೇಕಿರಲಿಲ್ಲ.

ಬರುವುದಕ್ಕೆ ಕಾರಣ ಹಳೆಯದು. ಅಮೆರಿಕದ ಪ್ರೆಸ್ಬಿಟೀರಿಯನ್ ಮಿಷನ್ನಿನ ವೈದ್ಯ ವಿಲಿಯಂ ವಾನ್ಲೆಸ್ ಮಿರಜಿನಲ್ಲಿ ಆಸ್ಪತ್ರೆ ತೆರೆದದ್ದು 1894ರಲ್ಲಿ. ಜಾಗ ಕೊಟ್ಟವರು ಅಲ್ಲಿನ ಪಟವರ್ಧನ ಸಂಸ್ಥಾನಿಕರು. ಜಮಖಂಡಿಯನ್ನು ಆಳಿದ್ದೂ ಪಟವರ್ಧನ ಮನೆತನದ ಇನ್ನೊಂದು ಕವಲು. ರಬಕವಿ ಮತ್ತು ತೇರದಾಳ ಸಾಂಗ್ಲಿ ಸಂಸ್ಥಾನದ ಊರುಗಳಾಗಿದ್ದವು. 1956ರಲ್ಲಿ ರಾಜ್ಯಗಳ ಗೆರೆ ಬದಲಾಗುವ ಹೊತ್ತಿಗೆ ಇಲ್ಲಿನವರು ಎರಡು ತಲೆಮಾರು ಮಿರಜಿನ ದವಾಖಾನೆ ಕಂಡಿದ್ದರು. 1962ರಲ್ಲಿ ಮಿರಜಿಗೆ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂತು, ಆಮೇಲೆ ಖಾಸಗಿ ಆಸ್ಪತ್ರೆಗಳ ಸಾಲೇ ಬೆಳೆಯಿತು. ಅಲ್ಲಿ ಕನ್ನಡದಲ್ಲಿ ಮಾತಾಡಿದರೆ ನಡೆಯುತ್ತದೆ. ಇಷ್ಟೆಲ್ಲ ಇರುವಾಗ ರಾಜ್ಯದ ಗಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಕಣ್ಣಿಗೆ ಬೀಳುವುದು ಬಿಲ್ ಕಟ್ಟುವ ಕಿಟಕಿಯ ಮುಂದೆ.

ದರದ ವಿಚಾರಕ್ಕೆ ಬರೋಣ. ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತು, 2017ರ ಜುಲೈನಿಂದ 2018ರ ಜೂನ್‌ವರೆಗೆ, ದೇಶದ ತುಂಬ ಮನೆಮನೆ ಕೇಳಿ ಲೆಕ್ಕ ತೆಗೆದಿದೆ. ಹೆರಿಗೆ ಬಿಟ್ಟು, ಹಳ್ಳಿಯವರು ಒಮ್ಮೆ ಸರ್ಕಾರಿ ಆಸ್ಪತ್ರೆಗೆ ಅಡ್ಮಿಟ್ ಆದರೆ ಸರಾಸರಿ ವೈದ್ಯಕೀಯ ಖರ್ಚು 4,290 ರೂಪಾಯಿ. ಖಾಸಗಿ ಆಸ್ಪತ್ರೆಯಾದರೆ 27,347. ಪಟ್ಟಣದವರಿಗೆ ಇದೇ ಅಂಕಿ 4,837 ಮತ್ತು 38,822. ಹಳ್ಳಿಯ ಲೆಕ್ಕದಲ್ಲಿ ಖಾಸಗಿ ಖರ್ಚು ಸರ್ಕಾರಿಯ ಆರು ಪಟ್ಟಿಗಿಂತ ಹೆಚ್ಚು, ಪಟ್ಟಣದಲ್ಲಿ ಎಂಟು ಪಟ್ಟು.

27,347 ರೂಪಾಯಿ ಅಂದರೆ ಈ ನಾಲ್ಕು ತಾಲೂಕಿನಲ್ಲಿ ಎಷ್ಟು? 2017-18ರ ಹಂಗಾಮಿಗೆ ಕಬ್ಬಿನ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ, ಶೇ 9.5 ಸಕ್ಕರೆ ಇಳುವರಿಗೆ ಟನ್ನಿಗೆ 2,550 ರೂಪಾಯಿ ಇತ್ತು. ಒಂದು ಸಲ ಖಾಸಗಿ ಆಸ್ಪತ್ರೆ ಸೇರಿದ ಮುಧೋಳದ ರೈತ ಹತ್ತೂಮುಕ್ಕಾಲು ಟನ್ ಕಬ್ಬನ್ನು ಆಸ್ಪತ್ರೆಗೆ ಸಾಗಿಸಿದಂತೆ. ಗೊಬ್ಬರ, ನೀರು, ಸೊಸೈಟಿ ಸಾಲ ಯಾವುದನ್ನೂ ಇದರಲ್ಲಿ ಕಳೆದಿಲ್ಲ. ಬಿಲ್ಲು ಕಾರ್ಖಾನೆಯಿಂದ ತಡವಾಗಿ ಬರುವುದನ್ನೂ ಹಿಡಿದಿಲ್ಲ. ಸರ್ಕಾರಿ ಆಸ್ಪತ್ರೆಯಾಗಿದ್ದರೆ ಒಂದೂಮುಕ್ಕಾಲು ಟನ್ನಿನೊಳಗೆ ಮುಗಿಯುತ್ತಿತ್ತು.

ಹೊಲ ಇಲ್ಲದವರ ಲೆಕ್ಕ ಇನ್ನೂ ಬಿಗಿ. ಅದೇ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 236 ರೂಪಾಯಿ. ಕಾಯ್ದೆ ಕೊಟ್ಟ 100 ದಿನವನ್ನೂ ಒಂದು ಮನೆಯವರು ತಪ್ಪದೆ ದುಡಿದರೂ ಕೈಗೆ ಬರುವುದು 23,600. ಒಬ್ಬರು ಒಂದು ಸಲ ಖಾಸಗಿ ಆಸ್ಪತ್ರೆಯಲ್ಲಿ ಮಲಗಿದರೆ ಆ ವರ್ಷದ ಖಾತರಿ ಪೂರ್ತಿ ಹೋಗಿ, ಮೇಲೆ 3,747 ರೂಪಾಯಿ ಸಾಲ. ಹಳ್ಳಿಗಳಲ್ಲಿ ಆಸ್ಪತ್ರೆ ಖರ್ಚಿಗೆ ಮುಖ್ಯವಾಗಿ ಸಾಲ ಮಾಡಿದವರು ನೂರಕ್ಕೆ 13 ಎಂದೂ ಅದೇ ಸಮೀಕ್ಷೆ ಹೇಳುತ್ತದೆ. ಬನಹಟ್ಟಿಯ ಮಗ್ಗದ ಕೂಲಿಗೆ ಇಂಥ ಖಾತರಿಯೂ ಇಲ್ಲ. ಆತ ಮಲಗಿದ ದಿನ ಮಗ್ಗ ನಿಂತಿರುತ್ತದೆ, ಆ ದಿನದ ಕೂಲಿಯೂ ಇಲ್ಲ.

ಈ ಹೊರೆ ಇಳಿಸಲೆಂದೇ ಯೋಜನೆಗಳು ಬಂದವು. ಅವುಗಳಿಂದ ಏನೂ ಆಗಿಲ್ಲ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 2010ರಲ್ಲಿ ಮೊದಲು ಕಲಬುರಗಿ ವಿಭಾಗಕ್ಕೆ, ಆಮೇಲೆ ನಮ್ಮ ಬೆಳಗಾವಿ ವಿಭಾಗಕ್ಕೆ ವಾಜಪೇಯಿ ಆರೋಗ್ಯಶ್ರೀ ಬಂತು. ಯೋಜನೆ ಇದ್ದ 300 ಹಳ್ಳಿ, ಇಲ್ಲದ 272 ಹಳ್ಳಿ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯೊಳಗಿನ ರೋಗಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು, ಯೋಜನೆ ಇಲ್ಲದ ಹಳ್ಳಿಗಳಲ್ಲಿ ಶೇ 0.90, ಇದ್ದಲ್ಲಿ ಶೇ 0.32. ಸಾವಿರಕ್ಕೆ ಒಂಬತ್ತರ ಜಾಗದಲ್ಲಿ ಮೂರು. ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗೆ ದುಡ್ಡಿಲ್ಲವೆಂದು ಮನೆಯಲ್ಲೇ ಉಳಿಯುತ್ತಿದ್ದವರು ಆಸ್ಪತ್ರೆ ಮೆಟ್ಟಿಲು ಹತ್ತಿದ್ದರಿಂದ ಆದ ವ್ಯತ್ಯಾಸ ಇದು.

ಈಗ ಇರುವುದು 2018ರ ಅಕ್ಟೋಬರ್ 30ರಿಂದ ಒಂದಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಸುಮಾರು 1,650 ಚಿಕಿತ್ಸೆಗಳು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ.

ಇಲ್ಲೇ ಮಿರಜಿನ ಲೆಕ್ಕ ಎರಡಾಗುತ್ತದೆ. ಒಂದು ಉದಾಹರಣೆ ಹಿಡಿಯೋಣ, ಅಂಕಿಗಳು ತಿಳಿಯಲೆಂದು ಮಾತ್ರ. ಒಂದು ಆಪರೇಷನ್‌ಗೆ ಈಚೆ ಖಾಸಗಿ ಆಸ್ಪತ್ರೆ 1 ಲಕ್ಷ ಕೇಳುತ್ತದೆ, ಮಿರಜಿನಲ್ಲಿ 80 ಸಾವಿರಕ್ಕೆ ಆಗುತ್ತದೆ, ಯೋಜನೆಯ ಪ್ಯಾಕೇಜ್ ದರ 60 ಸಾವಿರ ಎನ್ನಿ. ಎಪಿಎಲ್ ಮನೆಗೆ ಸರ್ಕಾರದಿಂದ ಬರುವುದು 18 ಸಾವಿರ, ಕೈಯಿಂದ 82 ಸಾವಿರ. ಮಿರಜಿಗೆ ಹೋದರೆ 80 ಸಾವಿರ. ಮೇಲುನೋಟಕ್ಕೆ 2 ಸಾವಿರ ಉಳಿತಾಯ. ಆದರೆ ಜತೆಗೆ ಹೋದವರ ಹತ್ತು ದಿನದ ಊಟ-ವಸತಿ ದಿನಕ್ಕೆ 500ರಂತೆ 5,000, ಒಬ್ಬರ ಕೂಲಿ 2025-26ರ ಉದ್ಯೋಗ ಖಾತರಿ ದರ 370ರಂತೆ 3,700. ಸೇರಿಸಿದರೆ 88,700. ಹತ್ತಿರದ ಆಸ್ಪತ್ರೆಯಲ್ಲಾದರೆ ಮನೆಯವರು ಸರದಿ ಮೇಲೆ ಬಂದು ಹೋಗಿ ಇದರ ದೊಡ್ಡ ಪಾಲು ಉಳಿಸಬಹುದು. ಇನ್ನು ಬಿಪಿಎಲ್ ಮನೆ. ಈಚೆ ನೋಂದಾಯಿತ ಆಸ್ಪತ್ರೆಯಲ್ಲಿ ಸೊನ್ನೆ, ಮಿರಜಿನಲ್ಲಿ ರೊಕ್ಕ ಕೊಟ್ಟರೆ ಅದೇ 88,700. ಅಗ್ಗವೆಂದು ನಂಬಿ ಗಡಿ ದಾಟಿದ ಬಡವ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುತ್ತಾನೆ.

ಬಸ್ ಖರ್ಚನ್ನು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ರಾಜ್ಯದೊಳಗಿನ ಸಾಮಾನ್ಯ ಬಸ್ಸು ಉಚಿತ. ಜಮಖಂಡಿಯ ತಾಯಿ ಬಾಗಲಕೋಟೆಯ ಆಸ್ಪತ್ರೆಗೆ ಟಿಕೆಟ್ ದುಡ್ಡಿಲ್ಲದೆ ಎಷ್ಟು ಸಲವಾದರೂ ಹೋಗಿ ಬರಬಹುದು, ಮಿರಜಿಗಾದರೆ ಆಗುವುದಿಲ್ಲ. ಬಾಗಲಕೋಟೆ–ಕುಡಚಿ ರೈಲು ಮಾರ್ಗ, ಉದ್ದ 142 ಕಿ.ಮೀ., 2010-11ರಲ್ಲಿ ಮಂಜೂರಾದದ್ದು, ಮಿರಜ ಲೈನಿನ ಕುಡಚಿ ಮುಟ್ಟಿದ್ದರೆ ಮಿರಜಿನ ಪ್ರಯಾಣವಾದರೂ ಅಗ್ಗವಾಗುತ್ತಿತ್ತು. ದಾರಿಖರ್ಚಿನ ಜತೆ ಊಟದ ಖರ್ಚೂ ಇದೆಯಲ್ಲ, ಅದನ್ನು ಉಳಿಸಲೆಂದೇ ನಮ್ಮ ಹೆಣ್ಣುಮಕ್ಕಳು ಆಸ್ಪತ್ರೆಗೆ ಹೊರಡುವ ಮುನ್ನ ಒಲೆ ಹಚ್ಚುತ್ತಾರೆ. ಖಡಕ್ ಜೋಳದ ರೊಟ್ಟಿ ಬಿಳಿ ಅರಿವೆಯಲ್ಲಿ ಕಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಡಬ್ಬಿಗೆ ತುಂಬಿ, ಸ್ಕ್ಯಾನಿನ ಕವರಿನ ಜತೆ ಅದೇ ಚೀಲದಲ್ಲಿ ಇಟ್ಟುಕೊಳ್ಳುತ್ತಾರೆ. ವಾರ್ಡಿನ ಹೊರಗಿನ ಕಟ್ಟೆಯ ಮೇಲೆ ಆ ಗಂಟು ಬಿಚ್ಚಿದಾಗ ಯಾವ ತಾಲೂಕಿನವರೆಂದು ಕೇಳಬೇಕಾಗುವುದಿಲ್ಲ.

ಹಾಗಾದರೆ ಯೋಜನೆಯ ಕಾರ್ಡು ಗಡಿ ದಾಟುವುದೇ ಇಲ್ಲವೇ? ಪೂರ್ತಿ ಹಾಗೂ ಅಲ್ಲ. ಕೇಂದ್ರದ ಪಟ್ಟಿಯಲ್ಲಿರುವ ಕುಟುಂಬ ದೇಶದ ಯಾವುದೇ ನೋಂದಾಯಿತ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದು ಎಂಬುದು 2018ರ ಮೂಲ ಯೋಜನೆಯ ಮಾತು. ಆದರೆ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿ ಇದ್ದವರು ಸುಮಾರು 62 ಲಕ್ಷ ಕುಟುಂಬಗಳು. ರಾಜ್ಯ ಬಿಪಿಎಲ್ ಎಂದು ರಕ್ಷಣೆ ಕೊಟ್ಟದ್ದು ಸುಮಾರು 1 ಕೋಟಿ 15 ಲಕ್ಷಕ್ಕೆ. ನಡುವಿನ 53 ಲಕ್ಷ ಕುಟುಂಬಗಳಿಗೆ ಹೊರರಾಜ್ಯದ ಹಕ್ಕು ತಾನಾಗಿ ಬರುವುದಿಲ್ಲ. ತನ್ನ ಕಾರ್ಡು ಯಾವ ಪಟ್ಟಿಯದು ಎಂಬುದು ಕಾರ್ಡು ಹಿಡಿದವನಿಗೆ ಗೊತ್ತಿಲ್ಲ.

ಗಡಿಯ ಆಚೆಯಿಂದಲೂ ಒಂದು ಪ್ರಯತ್ನ ನಡೆಯಿತು. ಮಹಾರಾಷ್ಟ್ರ ತಾನು ಹಕ್ಕು ಸಾಧಿಸುತ್ತಿರುವ ಕರ್ನಾಟಕದ 865 ಹಳ್ಳಿ-ಪಟ್ಟಣಗಳಿಗೆ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆ ವಿಸ್ತರಿಸುವುದಾಗಿ 2023ರಲ್ಲಿ ಹೇಳಿತು, ಕರ್ನಾಟಕ ಬಲವಾಗಿ ವಿರೋಧಿಸಿತು. ನಮ್ಮ ನಾಲ್ಕು ತಾಲೂಕು ಆ ಪಟ್ಟಿಯಲ್ಲಿ ಇಲ್ಲ. ಗಡಿ ವಿವಾದದ ಬೆನ್ನೇರಿ ಬರುವ ಔಷಧ ನನಗೆ ಬೇಡ. ಆದರೆ ಎರಡು ಸರ್ಕಾರಗಳು ಕೂತು ಮಾತಾಡಿದರೆ ಗಡಿ ಜಿಲ್ಲೆಗಳ ರೋಗಿಗಳ ಮಟ್ಟಿಗೆ ಒಂದು ಸರಳ ಒಪ್ಪಂದ ಆಗದ ಕೆಲಸವೇನಲ್ಲ.

ದರ ಇಳಿಸುವುದು ಸರ್ಕಾರದ ಕೈಲಿ ಇಲ್ಲ ಎನ್ನುವವರಿಗೆ 2017 ಉತ್ತರ ಕೊಟ್ಟಿದೆ. ಹೃದಯದ ರಕ್ತನಾಳಕ್ಕೆ ಹಾಕುವ ಔಷಧ ಲೇಪಿತ ಸ್ಟೆಂಟಿನ ಸರಾಸರಿ ಬೆಲೆ 1.21 ಲಕ್ಷದ ಹತ್ತಿರ ಇತ್ತು. ಆ ವರ್ಷದ ಫೆಬ್ರುವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಅದನ್ನು 29,600ಕ್ಕೆ ಕಟ್ಟಿಹಾಕಿತು. ನಾಲ್ಕರಲ್ಲಿ ಮೂರು ಪಾಲು ಒಂದೇ ಆದೇಶಕ್ಕೆ ಇಳಿಯಿತು. ಆಗಸ್ಟ್‌ನಲ್ಲಿ ಮೊಣಕಾಲ ಕೀಲಿನ ಸರದಿ. ಸಾಮಾನ್ಯವಾಗಿ ಹಾಕುವ ಕೋಬಾಲ್ಟ್-ಕ್ರೋಮಿಯಂ ಕೀಲು 1,58,324ರಿಂದ 54,720ಕ್ಕೆ ಬಂತು. ಎರಡೂ ಮೊಣಕಾಲಿಗೆ 2,07,208 ರೂಪಾಯಿ ವ್ಯತ್ಯಾಸ. ಆದರೆ ಬೆಲೆಗೆ ಮಿತಿ ಬಿದ್ದದ್ದು ವಸ್ತುವಿಗೆ ಮಾತ್ರ. ಓಟಿ ಚಾರ್ಜು, ಬೆಡ್ಡು, ಐಸಿಯು, ಡಾಕ್ಟರ ವಿಸಿಟ್ಟು, ಅನಸ್ತೇಶಿಯಾ ಇವೆಲ್ಲ ಆಸ್ಪತ್ರೆ ಹೇಳಿದಷ್ಟೇ. ಹೀಗಾಗಿ ಬಿಲ್ ಕೈಗೆ ಬಂದಾಗ ಒಟ್ಟು ಮೊತ್ತ ಒಂದನ್ನೇ ನೋಡಬಾರದು. ಕೀಲಿಗೆ ಎಷ್ಟು, ಸ್ಟೆಂಟಿಗೆ ಎಷ್ಟು, ಯಾವ ಕಂಪನಿಯದು ಎಂದು ಬೇರೆ ಬೇರೆ ಬರೆಸಿಕೊಳ್ಳಬೇಕು.

ಒಮ್ಮೆ ಆಗಿ ಮುಗಿಯುವ ಆಪರೇಷನ್ ಒಂದು ಬಗೆ, ಮುಗಿಯದ ಕಾಯಿಲೆ ಇನ್ನೊಂದು ಬಗೆ. ವಾರಕ್ಕೆ ಎರಡು ಡಯಾಲಿಸಿಸ್ ಎಂದರೆ ವರ್ಷಕ್ಕೆ 104. ಒಂದಕ್ಕೆ 1,500 ಎಂದು ಹಿಡಿದರೆ 1,56,000. ಜಮಖಂಡಿಯಿಂದ ಮಿರಜಿಗೆ ಹೋಗಿ ಬಂದು ಮಾಡಿಸಿಕೊಂಡರೆ ವರ್ಷಕ್ಕೆ 20,800 ಕಿ.ಮೀ., ಭೂಮಿಯ ಸುತ್ತಳತೆಯ ಅರ್ಧಕ್ಕಿಂತ ಹೆಚ್ಚು. ಬೆಳಗಾವಿಯಾದರೆ ಇನ್ನೂ ದೂರ. ಸೂಜಿ ಚುಚ್ಚಿಸಿಕೊಂಡು ನಾಲ್ಕು ಗಂಟೆ ಮಲಗಿದ ದೇಹಕ್ಕೆ ಈ ದಾರಿ ಆಗಿಬರುವುದಿಲ್ಲ. ತಾಲೂಕು ಆಸ್ಪತ್ರೆಗಳ ಉಚಿತ ಡಯಾಲಿಸಿಸ್ ಘಟಕದ ಬೆಲೆ ತಿಳಿಯುವುದು ಇಲ್ಲಿ. ಅಲ್ಲಿ ಒಂದು ಯಂತ್ರ ಕೆಟ್ಟು ವಾರ ನಿಂತರೆ ಅದನ್ನು ಸಣ್ಣ ಸುದ್ದಿ ಎಂದು ಪತ್ರಿಕೆಯವರು ಬಿಡಬಾರದು.

ಸಹಕಾರಿ ಸಂಘಗಳು ಗಟ್ಟಿಯಾಗಿರುವ ಈ ಭಾಗಕ್ಕೆ ಯಶಸ್ವಿನಿಯೂ ಮುಖ್ಯ. 2003ರಲ್ಲಿ ತಿಂಗಳಿಗೆ 5 ರೂಪಾಯಿಯಂತೆ ಶುರುವಾದ ಯೋಜನೆ 2018ರಲ್ಲಿ ನಿಂತು, 2022-23ರಲ್ಲಿ ಮರಳಿ ಬಂತು. ಗ್ರಾಮೀಣ ಸಹಕಾರಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ತಲೆಗೆ 125. ರಕ್ಷಣೆ 5 ಲಕ್ಷದವರೆಗೆ. ಎಪಿಎಲ್ ಕಾರ್ಡಿನ ಸಣ್ಣ ರೈತ, ನೇಕಾರ ಸಂಘದ ಸದಸ್ಯ, ಡೇರಿಗೆ ಹಾಲು ಹಾಕುವ ಮನೆ, ಇವರಿಗೆ ಶೇ 30ರ ಯೋಜನೆಗಿಂತ ಇದು ಮೇಲು. ನೋಂದಣಿಗೆ ಗಡುವು ಇರುತ್ತದೆ, ಅದು ದಾಟಿದ ಮೇಲೆ ರೋಗ ಬಂದರೆ ಮುಂದಿನ ವರ್ಷದವರೆಗೆ ಕಾಯಬೇಕು. ಸ್ವಂತಕ್ಕೆ ಆರೋಗ್ಯ ವಿಮೆ ಮಾಡಿಸುವವರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18ರ ಜಿಎಸ್‌ಟಿ ಪೂರ್ತಿ ಹೋಗಿದೆ. 10,000ದ ಕಂತಿಗೆ 1,800 ಕಡಿಮೆ.

ಇಷ್ಟಾದರೂ ಜನ ಮಿರಜಿಗೆ ಹೋಗುತ್ತಾರೆ, ಹೋಗಲಿ. ಒಳ್ಳೆಯ ಡಾಕ್ಟರ ಕೈಗುಣ ನಂಬಿ ಹೋಗುವುದು ತಪ್ಪಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಯೋಜನೆ ಸಿಗಲು ಬೇಕಾದ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರಕ್ಕೆ ಅಲೆಯಲಾರದೆ, ಸರ್ಕಾರಿ ಆಸ್ಪತ್ರೆಯ ಸರದಿಗೆ ಹೆದರಿ ಕಾರ್ಡು ಇದ್ದೂ ರೊಕ್ಕ ಕೊಡಲು ಹೋಗುವುದಷ್ಟೇ ನೋವಿನ ಸಂಗತಿ. ಹೃದಯಾಘಾತ, ಅಪಘಾತದಂಥ ಸುಮಾರು 170 ತುರ್ತು ಚಿಕಿತ್ಸೆಗಳಿಗೆ ಆ ಪತ್ರವೇ ಬೇಕಿಲ್ಲ, ನೇರ ನೋಂದಾಯಿತ ಆಸ್ಪತ್ರೆಗೆ ಹೋಗಬಹುದು. ಇದನ್ನು ರಾತ್ರಿ ಹನ್ನೆರಡಕ್ಕೆ ಯಾರು ಹೇಳುತ್ತಾರೆ? ಖಾಸಗಿ ಆಸ್ಪತ್ರೆಗಳು ದರಪಟ್ಟಿ ಕಾಣುವಂತೆ ತೂಗುಹಾಕಬೇಕೆಂದು ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆ ಹೇಳುತ್ತದೆ. ಸರ್ಕಾರವೂ ತನ್ನ ಪಾಲಿನದೊಂದು ಹಲಗೆ ತೂಗುಹಾಕಲಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸರ್ಕಾರಿ ಆಸ್ಪತ್ರೆಗಳ ಬಾಗಿಲಲ್ಲಿ, ದೊಡ್ಡ ಕನ್ನಡ ಅಕ್ಷರದಲ್ಲಿ. ಯಾವ ರೋಗಕ್ಕೆ ಯಾವ ನೋಂದಾಯಿತ ಆಸ್ಪತ್ರೆ, ಎಷ್ಟು ಕಿ.ಮೀ., ಪ್ಯಾಕೇಜ್ ಎಷ್ಟು, ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರ ಮೊಬೈಲ್ ನಂಬರು, ಮಿರಜ-ಸಾಂಗ್ಲಿಯ ಯಾವ ಆಸ್ಪತ್ರೆಯಲ್ಲಿ ನಮ್ಮ ಕಾರ್ಡು ನಡೆಯುತ್ತದೆ, ಯಾವುದರಲ್ಲಿ ಇಲ್ಲ. ನಾಲ್ಕು ಊರಿಗೆ ನಾಲ್ಕು ಹಲಗೆ, ಪ್ರತಿ ಏಪ್ರಿಲ್‌ನಲ್ಲಿ ಒಮ್ಮೆ ಹೊಸದಾಗಿ ಬರೆಸಬೇಕು. ಪೇಂಟರನ ಕೂಲಿ ಸೇರಿಸಿದರೂ ಒಂದು ಖಾಸಗಿ ಅಡ್ಮಿಷನ್ನಿನ 27,347 ರೂಪಾಯಿಯೊಳಗೆ ಮುಗಿಯುವ ಕೆಲಸ.