ಡಾಟ್ ಕಾಮ್ ಹೆಸರಿಗೆ ಬೆಲೆ ಕಟ್ಟುವ ಬಗೆ

2019ರಲ್ಲಿ ಅಮೆರಿಕದ ಮೈಕ್ರೋಸ್ಟ್ರಾಟಜಿ ಕಂಪನಿ ‘ವಾಯ್ಸ್ ಡಾಟ್ ಕಾಮ್’ ಎಂಬ ಡೊಮೈನ್ ಹೆಸರನ್ನು ಬ್ಲಾಕ್ ಡಾಟ್ ಒನ್ ಸಂಸ್ಥೆಗೆ 3 ಕೋಟಿ ಡಾಲರಿಗೆ ಮಾರಿತು. ಕಟ್ಟಡವಿಲ್ಲ, ಯಂತ್ರವಿಲ್ಲ, ಬರೀ ಹೆಸರು. ಇಂಥ ಸುದ್ದಿ ಓದಿದ ಅನೇಕರು ಸಾವಿರ ರೂಪಾಯಿ ಆಸುಪಾಸಿನಲ್ಲಿ ಹೆಸರೊಂದನ್ನು ನೋಂದಾಯಿಸಿ, ಬೆಲೆ ಅಂದಾಜಿಸುವ ಉಚಿತ ಜಾಲತಾಣದಲ್ಲಿ ಅದನ್ನು ತೂಗಿ ನೋಡಿ, ಅಲ್ಲಿ ಮೂಡಿದ ಅಂಕಿಯನ್ನು ಆಸ್ತಿಯೆಂದೇ ಎಣಿಸಿಕೊಳ್ಳುತ್ತಾರೆ. ಆ ಲೆಕ್ಕದ ಬುಡವೇ ಸಡಿಲ. ಆ ಹೆಸರಿಲ್ಲದೆ ಕೆಲಸ ಸಾಗದ, ಕೈಯಲ್ಲಿ ಹಣವೂ ಇರುವ ಗಿರಾಕಿಗಳು ಎಷ್ಟು ಜನ ಎಂಬುದೇ ಮರುಮಾರಾಟದ ಬೆಲೆಯನ್ನು ನಿರ್ಧರಿಸುತ್ತದೆ. ಹೆಸರಿನ ಅಂದಚೆಂದ, ಉದ್ದಗಿಡ್ಡಗಳೆಲ್ಲ ಆಮೇಲಿನ ಮಾತು.

ಟೆಸ್ಲಾ ಕಾರು ಕಂಪನಿಯನ್ನೇ ನೋಡಿ. 2016ರವರೆಗೆ ಅದರ ವಿಳಾಸ ‘ಟೆಸ್ಲಾ ಮೋಟರ್ಸ್ ಡಾಟ್ ಕಾಮ್’ ಎಂದಿತ್ತು. ಬರೀ ‘ಟೆಸ್ಲಾ ಡಾಟ್ ಕಾಮ್’ ಪಡೆಯಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಮತ್ತು 1.1 ಕೋಟಿ ಡಾಲರ್ ಹಿಡಿಯಿತೆಂದು ಇಲಾನ್ ಮಸ್ಕ್ 2018ರಲ್ಲಿ ಹೇಳಿದರು. ಅಷ್ಟು ವರ್ಷಗಳಲ್ಲಿ ಆ ಹೆಸರಿನ ಒಂದಕ್ಷರವೂ ಬದಲಾಗಿರಲಿಲ್ಲ. ಕಂಪನಿ ಬೆಳೆದಿತ್ತು, ಅದರ ಗರಜು ಬೆಳೆದಿತ್ತು. ‘ಎಫ್‌ಬಿ ಡಾಟ್ ಕಾಮ್’ ಅಮೆರಿಕದ ರೈತರ ಸಂಘಟನೆಯಾದ ಫಾರ್ಮ್ ಬ್ಯೂರೋ ಬಳಿ ಇತ್ತು. 2010ರಲ್ಲಿ ಫೇಸ್‌ಬುಕ್ ಅದಕ್ಕೆ 85 ಲಕ್ಷ ಡಾಲರ್ ಕೊಟ್ಟಿತು. ಆ ಎರಡಕ್ಷರಕ್ಕೆ ಅಷ್ಟು ಹಣ ಬಂದದ್ದು ಫೇಸ್‌ಬುಕ್ ಎಂಬ ಕಂಪನಿ ಹುಟ್ಟಿತೆಂಬ ಕಾರಣಕ್ಕೆ.

ಮನೆ ಸೈಟಿನ ಬೆಲೆಯನ್ನು ಅಕ್ಕಪಕ್ಕದ ಮಾರಾಟ ನೋಡಿ ಹೇಳುವಂತೆ ಹೆಸರಿನ ಬೆಲೆಯನ್ನೂ ಹಿಂದಿನ ಮಾರಾಟಗಳಿಂದ ಹೇಳಬಾರದೇಕೆ ಎಂದು ಯಾರಾದರೂ ಕೇಳಬಹುದು. ಅಂದಾಜಿನ ಜಾಲತಾಣಗಳು ಮಾಡುವುದೂ ಬಹುಮಟ್ಟಿಗೆ ಇದನ್ನೇ: ಎಷ್ಟು ಅಕ್ಷರ, ಕೊನೆಯಲ್ಲಿ ಡಾಟ್ ಕಾಮೋ ಡಾಟ್ ಇನ್ನೋ, ಆ ಪದವನ್ನು ಜನ ಎಷ್ಟು ಹುಡುಕುತ್ತಾರೆ, ಹೋಲುವ ಹೆಸರು ಎಷ್ಟಕ್ಕೆ ಹೋಯಿತು ಎಂದು ನೋಡುತ್ತವೆ. ಪ್ರಶ್ನೆಯಲ್ಲಿ ಹುರುಳಿದೆ. ಚಿಕ್ಕ, ಬಾಯಿಗೆ ಸುಲಭವಾದ ಇಂಗ್ಲಿಷ್ ಪದದ ಡಾಟ್ ಕಾಮ್‌ಗೆ ಗಿರಾಕಿಗಳು ಹೆಚ್ಚು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಎರಡು ಸೈಟುಗಳಲ್ಲಿ ಒಂದರ ಬದಲು ಇನ್ನೊಂದರಲ್ಲಿ ಮನೆ ಕಟ್ಟಬಹುದು. ಟೆಸ್ಲಾಗೆ ಬೇಕಾದದ್ದು ಆ ಒಂದೇ ಹೆಸರು. ಮೇಲಾಗಿ ದಾಖಲೆಯಲ್ಲಿ ಸಿಗುವುದು ಮಾರಾಟವಾದ ಹೆಸರುಗಳು ಮಾತ್ರ. ವರ್ಷಗಟ್ಟಲೆ ಕಾದು, ನವೀಕರಣದ ಹಣ ಕಟ್ಟಿ ಕಟ್ಟಿ, ಕೊನೆಗೆ ಕೈಬಿಟ್ಟ ಹೆಸರುಗಳ ಸರಾಸರಿಯನ್ನು ಯಾರೂ ತೆಗೆಯುವುದಿಲ್ಲ.

ಅಕ್ಷರವನ್ನೇ ನಂಬಿದವರಿಗೆ ಏನಾಗುತ್ತದೆ ಎಂಬುದನ್ನು 2015ರ ಕೊನೆಯ ಭರಾಟೆ ತೋರಿಸಿತು. ಚೀನಾದ ಹೂಡಿಕೆದಾರರು ಇಂಗ್ಲಿಷ್ ಸ್ವರಾಕ್ಷರಗಳೂ ‘ವಿ’ ಅಕ್ಷರವೂ ಇಲ್ಲದ ನಾಲ್ಕಕ್ಷರದ ಡಾಟ್ ಕಾಮ್‌ಗಳನ್ನು ಮುಗಿಬಿದ್ದು ಕೊಂಡರು. ಬೆಲೆ ಏರಿತು, ಮರುವರ್ಷ ಕುಸಿಯಿತು. ಆ ಹೆಸರುಗಳನ್ನು ಬಳಸುವವರಿಗಿಂತ ಮತ್ತೆ ಮಾರಲು ಕೊಂಡವರೇ ಹೆಚ್ಚಾಗಿದ್ದರು.

ಗಿರಾಕಿ ಒಬ್ಬನೇ ಇದ್ದರೆ? ಆಗ ಅಪಾಯ ಇನ್ನೂ ದೊಡ್ಡದು, ಏಕೆಂದರೆ ಆ ಒಬ್ಬ ಸಾಮಾನ್ಯವಾಗಿ ಟ್ರೇಡ್‌ಮಾರ್ಕಿನ ಒಡೆಯನೇ ಆಗಿರುತ್ತಾನೆ. ಭಾರತದಲ್ಲಿ ಈ ವಿಷಯ ಇತ್ಯರ್ಥವಾದದ್ದು ಬೆಂಗಳೂರಿನಲ್ಲಿ ಶುರುವಾದ ದಾವೆಯಿಂದ. ‘ಸಿಫಿ’ ಹೆಸರಿನಲ್ಲಿ ವ್ಯವಹರಿಸುತ್ತಿದ್ದ ಸತ್ಯಂ ಇನ್ಫೋವೇ, ಒಂದಕ್ಷರ ಹೆಚ್ಚಿಗೆ ಸೇರಿಸಿ ಅದೇ ಉಚ್ಚಾರದ ಹೆಸರು ಪಡೆದಿದ್ದ ಸಂಸ್ಥೆಯ ವಿರುದ್ಧ ಇಲ್ಲಿನ ಸಿಟಿ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ಪಡೆಯಿತು. ಕರ್ನಾಟಕ ಹೈಕೋರ್ಟ್ ಅದನ್ನು ತೆಗೆದುಹಾಕಿತು. 2004ರಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆಯನ್ನು ಮತ್ತೆ ಎತ್ತಿಹಿಡಿದು, ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಉಂಟೆಂದು ಹೇಳಿತು. ಡೊಮೈನ್ ಹೆಸರುಗಳ ಜಾಗತಿಕ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 1999ರಲ್ಲಿ ಒಪ್ಪಿದ ವಿವಾದ ನಿಯಮವಂತೂ, ಮಾರ್ಕಿನ ಒಡೆಯನಿಗೇ ಹೆಚ್ಚಿನ ಬೆಲೆಗೆ ಮಾರುವುದೇ ಮುಖ್ಯ ಉದ್ದೇಶವಾಗಿ ಹೆಸರು ಹಿಡಿದಿದ್ದರೆ ಅದನ್ನು ದುರುದ್ದೇಶದ ಪುರಾವೆಯೆಂದೇ ಎಣಿಸುತ್ತದೆ. ಅಂದಾಜಿನ ಜಾಲತಾಣ ಅಂಥ ಹೆಸರಿಗೆ ಲಕ್ಷ ತೋರಿಸಬಹುದು. ಕೈಗೆ ಬರುವುದು ನೋಟಿಸು.

ಹಾಗಾದರೆ ನೂರು ಹೆಸರು ಕೊಂಡಿಟ್ಟರೆ ಒಂದಾದರೂ ದುಡ್ಡು ತರದೇ ಎಂಬ ವಾದವಿದೆ. ವರ್ಷಕ್ಕೆ ನೂರರಲ್ಲಿ ಒಂದೋ ಎರಡೋ ಮಾರಾಟವಾದೀತು ಎಂಬುದು ಈ ವ್ಯಾಪಾರದವರ ಸಾಮಾನ್ಯ ಎಣಿಕೆ. ಹೆಸರಿಗೆ ಸಾವಿರದಂತೆ ವರ್ಷದ ನವೀಕರಣಕ್ಕೇ ಲಕ್ಷ ರೂಪಾಯಿ ಬೇಕು. ಒಂದೇ ಹೆಸರು ಹೋದರೆ ಅದು ಲಕ್ಷ ದಾಟಬೇಕು, ಎರಡಾದರೆ ತಲಾ ಐವತ್ತು ಸಾವಿರ, ಮೇಲೆ ಮಾರಾಟ ತಾಣದ ಕಮಿಷನ್. ಇದು ಅಸಲು ಹುಟ್ಟುವ ಲೆಕ್ಕ ಮಾತ್ರ. ಆದ್ದರಿಂದ ಹೆಸರು ಕೊಳ್ಳುವ ಮೊದಲು, ಅದನ್ನು ತಮ್ಮ ವ್ಯಾಪಾರಕ್ಕೆ ಬಳಸಬಹುದಾದ ಹತ್ತು ಸಂಸ್ಥೆಗಳನ್ನಾದರೂ ಕಾಗದದ ಮೇಲೆ ಬರೆಯಲಾಗುತ್ತದೆಯೇ ಎಂದು ನೋಡುವುದು ಒಳ್ಳೆಯದು. ಅವುಗಳಲ್ಲಿ ಎಷ್ಟು ಈಗಾಗಲೇ ಇನ್ನೊಂದು ವಿಳಾಸದಲ್ಲಿ ನೆಮ್ಮದಿಯಾಗಿವೆ ಎಂಬುದನ್ನೂ ನೋಡಬೇಕು.

ಕನ್ನಡದ ಪದಗಳಿಗೆ ಈ ಪರೀಕ್ಷೆ ಇನ್ನೂ ಕಠಿಣ. ಕಿವಿಯಲ್ಲಿ ಕೇಳಿದ್ದನ್ನು ತಪ್ಪಿಲ್ಲದೆ ಟೈಪ್ ಮಾಡುವಂತಿರಬೇಕು ಎಂಬುದು ಒಳ್ಳೆಯ ಹೆಸರಿನ ಲಕ್ಷಣ. ರೋಮನ್ ಲಿಪಿಯಲ್ಲಿ ‘ಹಾಲು’ ಬರೆಯಲು ‘ಎ’ ಒಂದೋ ಎರಡೋ, ಕೇಳಿದವರಿಗೆ ಖಚಿತವಿಲ್ಲ. ಕನ್ನಡ ಲಿಪಿಯಲ್ಲೇ ‘ಡಾಟ್ ಭಾರತ’ ವಿಳಾಸ ಪಡೆಯಬಹುದಾದ್ದರಿಂದ ಕಾಗುಣಿತದ ಆ ಗೊಂದಲಕ್ಕೆ ಅಲ್ಲಿ ಜಾಗವಿಲ್ಲ. ನನ್ನ ದೃಷ್ಟಿಯಲ್ಲಿ ಅದು ದೊಡ್ಡ ಸೌಲಭ್ಯ, ಕನ್ನಡದ ಅಂಗಡಿ, ಪತ್ರಿಕೆ, ಶಾಲೆಗಳು ಧಾರಾಳವಾಗಿ ಬಳಸಬೇಕಾದದ್ದು. ಆದರೆ ಅಂಥ ವಿಳಾಸಕ್ಕಾಗಿ ಹಣ ಹಿಡಿದು ಪೈಪೋಟಿಗೆ ಇಳಿಯುವವರು ಇವತ್ತು ವಿರಳ. ಬಳಸಲು ಬೇಕಿದ್ದವರು ಈಗಲೇ ಪಡೆಯಲಿ. ಮರುಮಾರಾಟದ ಆಸೆಗೆ ನೂರಾರು ಹೆಸರು ಹಿಡಿದಿಡುವುದಕ್ಕೆ ನನಗೆ ಆಧಾರ ಕಾಣುತ್ತಿಲ್ಲ.